ಟಿ ಕೋಶಕ್ಕೆ ವೈರಸ್ ಕಾಣುವುದಿಲ್ಲ: ಮಣಿ, ಬಳೆ, ಅಡಿಕೆ ಹಾಳೆ ಇಟ್ಟುಕೊಂಡು ಇದನ್ನು ಕಲಿಯುವ ಬಗೆ

ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಪ್ಲಸ್ ಟೂ ಮಕ್ಕಳಿಗೆ ಬಯಾಲಜಿ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಆಮೇಲೆ ಒಮ್ಮೆಲೇ ಇಂಗ್ಲಿಷಿಗೆ ಬಂದು ಬಿದ್ದ ಮಕ್ಕಳು ಇವರು. ಪುಸ್ತಕ ಇಂಗ್ಲಿಷು, ಕ್ಲಾಸಿನಲ್ಲಿ ವಿವರಣೆ ಹೆಚ್ಚಾಗಿ ಮಲಯಾಳ, ತಲೆಯೊಳಗಿನ ಯೋಚನೆ ಮಾತ್ರ ಕನ್ನಡ ಇಲ್ಲವೇ ತುಳು. ಹಾಗಾಗಿ ಶಬ್ದ ಬಾಯಿಪಾಠ ಆಗುತ್ತದೆ, ವಿಷಯ ಒಳಗೆ ಇಳಿಯುವುದಿಲ್ಲ.

ಕಳೆದ ಮಳೆಗಾಲದಲ್ಲಿ ಟಿ ಕೋಶದ ಪಾಠ, ಅಂದರೆ ಸೋಂಕನ್ನು ಗುರುತಿಸಿ ಎದುರಿಸುವ ಒಂದು ಬಗೆಯ ಬಿಳಿ ರಕ್ತಕಣದ ಪಾಠ ನಡೆಯುತ್ತಿದ್ದಾಗ ಒಬ್ಬಳು ಹುಡುಗಿ ಕೇಳಿದಳು: "ಟೀಚರೇ, ವೈರಸ್ ಜೀವಕೋಶದ ಒಳಗೆ ಹೊಕ್ಕು ಕೂತಿದೆ ಅಂತೀರಿ. ಟಿ ಕೋಶ ಹೊರಗಿದೆ. ನಡುವೆ ಗೋಡೆ. ಒಳಗೆ ವೈರಸ್ ಉಂಟು ಅಂತ ಅದಕ್ಕೆ ಹೇಳುವವರು ಯಾರು?"

ಇಡೀ ಪಾಠ ಇರುವುದು ಈ ಪ್ರಶ್ನೆಯಲ್ಲೇ. ನೀವು ಇದನ್ನು ಕಲಿಯಲು ಹೊರಟಿದ್ದರೂ, ಮನೆಯ ಮಕ್ಕಳಿಗೆ ಹೇಳಿಕೊಡಲು ಹೊರಟಿದ್ದರೂ ಎಂಎಚ್‌ಸಿ, ಸಿಡಿ4, ಸಿಡಿ8 ಅಂತ ಹೆಸರುಗಳಿಂದ ಶುರುಮಾಡಬೇಡಿ. ಈ ಪ್ರಶ್ನೆಯಿಂದ ಶುರುಮಾಡಿ. ಹೆಸರುಗಳು ಬೇಕಾದಾಗ ತಾವಾಗಿಯೇ ಬರುತ್ತವೆ.

ಉತ್ತರ ಹೀಗೆ. ಟಿ ಕೋಶಕ್ಕೆ ಇಡೀ ವೈರಸ್ ಕಾಣುವುದೇ ಇಲ್ಲ. ನಮ್ಮದೇ ಜೀವಕೋಶ ವೈರಸ್‌ನ ಪ್ರೋಟೀನನ್ನು ಚೂರು ಚೂರು ಮಾಡಿ, ಒಂದು ಚೂರನ್ನು ನಮ್ಮದೇ ತಟ್ಟೆಯಲ್ಲಿಟ್ಟು, ಆ ತಟ್ಟೆಯನ್ನು ಹೊರಗೆ ಹಿಡಿದು ತೋರಿಸಬೇಕು. ಟಿ ಕೋಶ ನೋಡುವುದು ತಟ್ಟೆ ಮತ್ತು ಚೂರು ಎರಡನ್ನೂ ಒಟ್ಟಿಗೆ. ಬರೀ ಚೂರು ತೇಲಿಕೊಂಡು ಬಂದರೆ ಅದು ತಿರುಗಿಯೂ ನೋಡುವುದಿಲ್ಲ.

ಪ್ರತಿಕಾಯ, ಅಂದರೆ ಆಂಟಿಬಾಡಿ, ಹಾಗಲ್ಲ. ಅದು ಇಡೀ ವೈರಸ್ಸನ್ನು ಇದ್ದ ಹಾಗೆ ಹಿಡಿಯಬಲ್ಲದು. ಕೊರೊನಾ ಕಾಲದಲ್ಲಿ ನಾವೆಲ್ಲ ಸಾಲಿನಲ್ಲಿ ನಿಂತು ಮಾಡಿಸಿದ ಆಂಟಿಜೆನ್ ಟೆಸ್ಟ್ ನೆನಪಿದೆಯಲ್ವಾ? ಆ ಪಟ್ಟಿಯಲ್ಲಿ ಅಂಟಿಸಿದ್ದು ಆಂಟಿಬಾಡಿ. ಮೂಗಿನಿಂದ ತೆಗೆದ ದ್ರವದಲ್ಲಿ ವೈರಸ್‌ನ ಪ್ರೋಟೀನ್ ಇದ್ದರೆ ಅದು ಹಿಡಿದುಕೊಳ್ಳುತ್ತದೆ, ಗೆರೆ ಮೂಡುತ್ತದೆ. ಟಿ ಕೋಶವನ್ನು ಆ ಪಟ್ಟಿಗೆ ಅಂಟಿಸಿದ್ದರೆ ಗೆರೆ ಎಂದೂ ಮೂಡುತ್ತಿರಲಿಲ್ಲ. ಈ ವ್ಯತ್ಯಾಸ ಮನಸ್ಸಿಗೆ ಹೋದರೆ ಅರ್ಧ ಕೆಲಸ ಆದ ಹಾಗೆ.

ಏನೇನು ಜೋಡಿಸಿಕೊಳ್ಳಬೇಕು

ಚಿತ್ರ ಬರೆದು ಹೇಳಬಹುದು, ಆದರೆ ಕೈಯಲ್ಲಿ ಮಾಡಿದರೆ ಮರೆಯುವುದಿಲ್ಲ. ಬೇಕಾದ್ದು ಜಾಸ್ತಿ ಏನಿಲ್ಲ. ಒಂದು ದಾರ, ಆರು ಬಣ್ಣದ ಮಣಿ, ನಾಲ್ಕು ಬಳೆ, ಒಂದು ಕತ್ತರಿ, ಸ್ವಲ್ಪ ಕೆಂಪು ನೂಲು, ಒಂದು ಚೂರು ಕಾಗದ, ಎರಡು ಅಡಿಕೆ ಹಾಳೆ. ಹಾಳೆ ತೋಟದಲ್ಲೇ ಬಿದ್ದಿರುತ್ತದೆ. ಹೆಕ್ಕಲು ಹೋದಾಗ ಉಳಿದ ಹಾಳೆಗಳನ್ನೂ ಒಂದೆಡೆ ಕವುಚಿ ಹಾಕಿ ಬನ್ನಿ. ಮಳೆಗಾಲದಲ್ಲಿ ಅಂಗಾತ ಬಿದ್ದ ಹಾಳೆಯಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. ಇದು ಪಾಠದ ಹೊರಗಿನ ಮಾತಲ್ಲ, ಡೆಂಗಿಯ ವಿಷಯ ಮುಂದೆ ಬರುತ್ತದೆ.

ಎರಡು ಹಾಳೆಯಿಂದ ಒಂದೊಂದು ಪಟ್ಟಿ ಕತ್ತರಿಸಿ. ಮೊದಲನೆಯದರ ಎರಡೂ ತುದಿಯನ್ನು ಮೇಲೆ ಮಡಚಿ ಕಡ್ಡಿ ಚುಚ್ಚಿ, ದೋಣಿಯ ಹಾಗೆ. ಎರಡನೆಯದಕ್ಕೆ ಬದಿ ಮಾತ್ರ ಎತ್ತರಿಸಿ, ತುದಿ ಎರಡನ್ನೂ ತೆರೆದೇ ಬಿಡಿ, ತೋಟದಲ್ಲಿ ನೀರು ಹರಿಸುವ ದಂಬೆಯ ಹಾಗೆ. ಚೂರು ಇಟ್ಟು ತೋರಿಸುವ ಆ ತಟ್ಟೆಗೇ ಎಂಎಚ್‌ಸಿ ಎಂದು ಹೆಸರು, ಅದರಲ್ಲಿ ಎರಡು ವರ್ಗ. ದೋಣಿ ಅಂದರೆ ಎಂಎಚ್‌ಸಿ ಒಂದನೇ ವರ್ಗ. ದಂಬೆ ಅಂದರೆ ಎರಡನೇ ವರ್ಗ. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ಇವುಗಳ ನಿಜವಾದ ಆಕಾರವೇ ಹಾಗಿದೆ. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್, ಡಾನ್ ವೈಲಿ, ಜ್ಯಾಕ್ ಸ್ಟ್ರಾಮಿಂಜರ್ ಮತ್ತು ಜೊತೆಗಾರರು ಒಂದನೇ ವರ್ಗದ ಅಣುವನ್ನು ಹರಳು ಮಾಡಿ ಎಕ್ಸ್-ರೇ ಹಾಯಿಸಿ ನೋಡಿದಾಗ ಮೇಲ್ಭಾಗದಲ್ಲಿ ಒಂದು ತೋಡು ಕಂಡಿತು. ಆ ತೋಡಿನಲ್ಲಿ ಏನೋ ಒಂದು ಕೂತಿತ್ತು. ಹಾಗೆ ಕೂತಿದ್ದದ್ದೇ ಪ್ರೋಟೀನಿನ ಚೂರು.

ಒಂದು ಮಣಿ ಅಂದರೆ ಪ್ರೋಟೀನಿನ ಒಂದು ಅಮೈನೊ ಆಮ್ಲ. ದೋಣಿಯ ತುದಿ ಮುಚ್ಚಿರುವುದರಿಂದ ಅದರಲ್ಲಿ ಹಿಡಿಸುವುದು 8ರಿಂದ 10 ಮಣಿ, ಹೆಚ್ಚಿನ ಸಲ 9. ದಂಬೆಯಲ್ಲಿ 13ರಿಂದ 25 ಮಣಿಯ ಚೂರು ಕೂರಬಹುದು, ಎರಡೂ ಕಡೆ ಬಾಲ ಹೊರಗೆ ಚಾಚಿದರೂ ತೊಂದರೆ ಇಲ್ಲ. ಈ ಅಂಕಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಬೇಡಿ. ಹಾಳೆಯಲ್ಲಿ ಇಟ್ಟು ನೋಡಲಿ, ಸಾಕು.

ಮೊದಲ ದಾರಿ: ಮನೆಯೊಳಗಿನ ಸುದ್ದಿ ಹೊರಗೆ ಬರುವುದು

ಇನ್‌ಫ್ಲುಯೆಂಜಾ ವೈರಸ್ ಶ್ವಾಸನಾಳದ ಒಂದು ಕೋಶಕ್ಕೆ ಹೊಕ್ಕಿದೆ ಎಂದು ಇಟ್ಟುಕೊಳ್ಳಿ. ವೈರಸ್‌ಗೆ ಪ್ರೋಟೀನ್ ಮಾಡುವ ಸ್ವಂತ ಯಂತ್ರ ಇಲ್ಲ. ನಮ್ಮ ಕೋಶದ ರೈಬೋಸೋಮಿನಿಂದಲೇ ಮಾಡಿಸಿಕೊಳ್ಳಬೇಕು. ಅದು ಸಿಕ್ಕಿಬೀಳುವುದು ಇಲ್ಲೇ. ನಮ್ಮ ಕೋಶಕ್ಕೆ ಒಂದು ಅಭ್ಯಾಸ ಇದೆ. ಒಳಗೆ ತಯಾರಾದ ಪ್ರೋಟೀನುಗಳಲ್ಲಿ ಹಳತಾದದ್ದು, ಸರಿಯಾಗಿ ಮಡಚಿಕೊಳ್ಳದ್ದು ಯಾವುದಿದ್ದರೂ ಅದನ್ನು ಒಡೆದು ಹಾಕುತ್ತಲೇ ಇರುತ್ತದೆ, ಜ್ವರ ಇರಲಿ ಇಲ್ಲದಿರಲಿ.

ಈಗ ಮಣಿ ಪೋಣಿಸಿ. ನಾನು ಪೋಣಿಸಲು ಹೇಳುವುದು ಒಂದು ನಿಜವಾದ ಚೂರನ್ನು. ಇನ್‌ಫ್ಲುಯೆಂಜಾ ಎ ವೈರಸ್‌ನ ಮ್ಯಾಟ್ರಿಕ್ಸ್ ಪ್ರೋಟೀನಿನಲ್ಲಿ 58ನೇ ಜಾಗದಿಂದ 66ರವರೆಗಿನ ಒಂಬತ್ತು ಅಮೈನೊ ಆಮ್ಲಗಳು: ಗ್ಲೈಸಿನ್, ಐಸೊಲ್ಯೂಸಿನ್, ಲ್ಯೂಸಿನ್, ಗ್ಲೈಸಿನ್, ಫಿನೈಲಲನಿನ್, ವ್ಯಾಲಿನ್, ಫಿನೈಲಲನಿನ್, ಥ್ರಿಯೊನಿನ್, ಲ್ಯೂಸಿನ್. ಲೆಕ್ಕ ಮಾಡಿ, ಆರೇ ಬಗೆ. ಅದಕ್ಕೇ ಆರು ಬಣ್ಣ ಎಂದದ್ದು. ಗ್ಲೈಸಿನ್‌ಗೆ ಬಿಳಿ, ಲ್ಯೂಸಿನ್‌ಗೆ ಹಸಿರು, ಹೀಗೆ ನಿಮಗೆ ಬೇಕಾದ್ದು ಆರಿಸಿ. ಈ ಒಂಬತ್ತರ ಹಿಂದೆ ಮುಂದೆ ಯಾವುದಾದರೂ ಮಣಿಗಳನ್ನು ಉದ್ದಕ್ಕೆ ಪೋಣಿಸಿ, ಅದು ಇಡೀ ಪ್ರೋಟೀನ್.

ಮಾಲೆಯ ಒಂದು ಕಡೆ ಕೆಂಪು ನೂಲು ಕಟ್ಟಿ. ಇದು ಯುಬಿಕ್ವಿಟಿನ್. 76 ಅಮೈನೊ ಆಮ್ಲದ ಪುಟ್ಟ ಪ್ರೋಟೀನ್. "ಇದನ್ನು ಒಡೆಯಬೇಕು" ಎಂಬ ಗುರುತು. ಮರ ಕಡಿಯುವ ಮೊದಲು ಬಣ್ಣದ ಗುರುತು ಹಾಕಿ ಹೋಗುತ್ತಾರಲ್ವಾ, ಹಾಗೆ. ಈ ಗುರುತಿನ ಕೆಲಸವನ್ನು ಕಂಡುಹಿಡಿದ ಆರನ್ ಚೆಹನೋವರ್, ಅವ್ರಾಮ್ ಹೆರ್ಶ್ಕೊ, ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ನಾಲ್ಕು ಬಳೆಯನ್ನು ಒಂದರ ಮೇಲೊಂದು ಇಡಿ. ಇದು ಪ್ರೋಟಿಯಾಸೋಮ್. ನಿಜವಾದದ್ದೂ ನಾಲ್ಕು ಉಂಗುರಗಳ ಪೀಪಾಯಿಯೇ, ಒಂದೊಂದು ಉಂಗುರದಲ್ಲಿ ಏಳು ತುಂಡು. ಕತ್ತರಿಸುವ ಹಲ್ಲು ಇರುವುದು ನಡುವಿನ ಎರಡು ಉಂಗುರಗಳ ಒಳಮುಖಕ್ಕೆ. ಹೊರಗೆ ಇದ್ದಿದ್ದರೆ ಕೋಶದ ಒಳ್ಳೆಯ ಪ್ರೋಟೀನುಗಳನ್ನೂ ಕಡಿದು ಹಾಕುತ್ತಿತ್ತು. ಬಾಯಲ್ಲಿ ಒಂದು ಮುಚ್ಚಳ ಇದೆ, ಅದು ಕೆಂಪು ಗುರುತು ಇದ್ದ ಪ್ರೋಟೀನನ್ನು ಮಾತ್ರ ಹಿಡಿದು, ಬಿಡಿಸಿ ನೇರ ಮಾಡಿ ಒಳಗೆ ತಳ್ಳುತ್ತದೆ. ಗುರುತಿನ ನೂಲು ಬಿಚ್ಚಿ ಪಕ್ಕಕ್ಕಿಡಿ, ಅದು ಮತ್ತೆ ಬಳಕೆಗೆ ಹೋಗುತ್ತದೆ. ಮಾಲೆಯನ್ನು ಬಳೆಯೊಳಗೆ ತೂರಿಸಿ, ಒಳಗೇ ಕತ್ತರಿ ಹಾಕಿ. ಚೂರುಗಳು ಇನ್ನೊಂದು ಕಡೆ ಬೀಳಲಿ. ಹೆಚ್ಚಿನವು ಕೆಲಸಕ್ಕೆ ಬಾರದ ಉದ್ದದಲ್ಲಿರುತ್ತವೆ. ಇರಲಿ. ನಿಜವಾಗಿ ಆಗುವುದೂ ಹಾಗೇ, ಬಹುಪಾಲು ಚೂರುಗಳು ಮತ್ತೆ ಒಡೆದು ಬಿಡಿ ಅಮೈನೊ ಆಮ್ಲಗಳಾಗಿ ಹೋಗುತ್ತವೆ.

ಸೋಂಕು ಇರುವ ಕಡೆ ಇಂಟರ್‌ಫೆರಾನ್ ಗಾಮಾ ಎಂಬ ಎಚ್ಚರಿಕೆಯ ಸಂದೇಶ ಬಂದರೆ ಪ್ರೋಟಿಯಾಸೋಮಿನ ಮೂರು ಹಲ್ಲುಗಳು ಬದಲಾಗುತ್ತವೆ. ಆಗ ಅದು ಕಡಿಯುವ ಚೂರುಗಳ ಕೊನೆ ತಟ್ಟೆಗೆ ಹೊಂದುವ ಹಾಗೆ ಬರುತ್ತದೆ. ಅಡಿಕೆ ಸುಲಿಯುವವರು ಕತ್ತಿ ಮಸೆದುಕೊಂಡ ಹಾಗೆ, ಕೆಲಸ ಜಾಸ್ತಿ ಇದೆ ಎಂದು ಗೊತ್ತಾದಾಗ ಉಪಕರಣವೇ ಬದಲಾಗುವುದು. ನನಗೆ ಇದು ಬಹಳ ಇಷ್ಟವಾದ ಭಾಗ.

ಈಗ ಚೂರುಗಳು ಕೋಶದ ರಸದಲ್ಲಿವೆ, ತಟ್ಟೆಗಳು ಎಂಡೊಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಕೋಣೆಯಲ್ಲಿ ತಯಾರಾಗುತ್ತಿವೆ. ನಡುವೆ ಒಂದು ಬಾಗಿಲು. ಅದರ ಹೆಸರು ಟ್ಯಾಪ್. ನಳ್ಳಿ ಅಲ್ಲ, ಮೂರು ಇಂಗ್ಲಿಷ್ ಅಕ್ಷರದ ಚುಟುಕು ಹೆಸರು. ಎಟಿಪಿ, ಅಂದರೆ ಕೋಶದ ಇಂಧನ, ಖರ್ಚು ಮಾಡಿ ಚೂರುಗಳನ್ನು ಒಳಗೆ ಸಾಗಿಸುತ್ತದೆ. ಸ್ವಲ್ಪ ಉದ್ದವಾದ ಚೂರು ಬಂದರೆ ಒಳಗೆ ಇಆರ್‌ಎಪಿ1 ಎಂಬ ಕಿಣ್ವ ಒಂದು ತುದಿಯಿಂದ ಒಂದೊಂದೇ ಮಣಿ ಕಡಿದು ಅಳತೆಗೆ ತರುತ್ತದೆ.

ಒಳಕೋಣೆಯಲ್ಲಿ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಊರಿನವರಿಗೆ ಯಕ್ಷಗಾನದ ಚೌಕಿಗಿಂತ ಒಳ್ಳೆಯ ಹೋಲಿಕೆ ಬೇಡ. ಕುಂಬಳೆ ಸೀಮೆಯ ಮಕ್ಕಳು ಚೌಕಿಯ ಬದಿಯಲ್ಲಿ ನಿಂತು ವೇಷ ಕಟ್ಟುವುದನ್ನು ನೋಡಿಯೇ ಬೆಳೆದವರು. ಕಿರೀಟ ಕಟ್ಟದೆ ರಾಜವೇಷ ರಂಗಸ್ಥಳಕ್ಕೆ ಹೊರಡುವುದಿಲ್ಲ. ಹಾಗೇ ಒಂದನೇ ವರ್ಗದ ತಟ್ಟೆ ಚೂರು ಇಲ್ಲದೆ ಹೊರಗೆ ಹೊರಡುವುದಿಲ್ಲ. ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಎಂಬ ಜೊತೆ ತುಂಡು ಕೂಡಿಕೊಳ್ಳಬೇಕು, ಕ್ಯಾಲ್ರೆಟಿಕ್ಯುಲಿನ್, ಟ್ಯಾಪಾಸಿನ್ ಎಂಬ ಸಹಾಯಕರು ಟ್ಯಾಪ್ ಬಾಗಿಲ ಪಕ್ಕದಲ್ಲೇ ಹಿಡಿದು ನಿಲ್ಲಿಸಿಕೊಂಡಿರುತ್ತಾರೆ, ಸಡಿಲ ಚೂರು ಕೂತರೆ ತೆಗೆಸಿ ಗಟ್ಟಿಯಾದ್ದನ್ನು ಕೂರಿಸುತ್ತಾರೆ. ಗಟ್ಟಿಯಾಗಿ ಕೂತ ಮೇಲೆ ಬಿಡುಗಡೆ. ಗಾಲ್ಜಿ ಎಂಬ ಸಾಗಣೆಯ ಕೋಣೆಯ ಮೂಲಕ ಕೋಶದ ಮೇಲ್ಮೈಗೆ.

ಆ ಒಂಬತ್ತು ಮಣಿಯ ಚೂರನ್ನು ದೋಣಿಯಲ್ಲಿ ಕೂರಿಸಿ. ಎರಡನೇ ಮಣಿ ಮತ್ತು ಒಂಬತ್ತನೇ ಮಣಿಯ ಕೆಳಗೆ ಹಾಳೆಯಲ್ಲಿ ಒಂದೊಂದು ಗುಳಿ ಮಾಡಿ. ಎಚ್‌ಎಲ್‌ಎ-ಎ2 ಎಂಬ ತಟ್ಟೆಯಲ್ಲಿ ಲಂಗರು ಹಾಕುವ ಜಾಗಗಳು ಅವೇ. ಆ ಎರಡು ಕಡೆ ಲ್ಯೂಸಿನ್‌ನಂಥ ಎಣ್ಣೆ ಗುಣದ ಅಮೈನೊ ಆಮ್ಲ ಬೇಕು. ನಡುವಿನವು ಮೇಲೆ ಉಬ್ಬಿ ನಿಲ್ಲುತ್ತವೆ, ಟಿ ಕೋಶ ಮುಟ್ಟಿ ನೋಡುವುದು ಮುಖ್ಯವಾಗಿ ಅವನ್ನು.

ಇಲ್ಲಿ ಮಕ್ಕಳಿಗೆ ಒಂದು ಲೆಕ್ಕ ಕೊಡಿ. ಕೊರೊನಾ ವೈರಸ್‌ನ ಸ್ಪೈಕ್ ಪ್ರೋಟೀನಿನಲ್ಲಿ 1273 ಅಮೈನೊ ಆಮ್ಲ ಇವೆ. ಒಂಬತ್ತು ಮಣಿಯ ಚೂರು ಎಷ್ಟು ಬಗೆಯಲ್ಲಿ ಸಿಗಬಹುದು? ಒಂದರಿಂದ ಒಂಬತ್ತು, ಎರಡರಿಂದ ಹತ್ತು, ಹೀಗೆ ಸರಿಸುತ್ತಾ ಹೋದರೆ 1265. ಆದರೆ ಒಬ್ಬ ಮನುಷ್ಯನ ತಟ್ಟೆಗಳ ಗುಳಿಗೆ ಹೊಂದುವುದು ಅದರಲ್ಲಿ ಸಣ್ಣ ಪಾಲು ಮಾತ್ರ. ಲೆಕ್ಕ ಮಾಡಿ ಮುಗಿಸಿದ ಮೇಲೆ ಮಕ್ಕಳ ಮುಖ ನೋಡಬೇಕು ನೀವು.

ಮೇಲ್ಮೈಗೆ ಬಂದ ತಟ್ಟೆಯನ್ನು ನೋಡುವುದು ಸಿಡಿ8 ಎಂಬ ಅಣು ಮೈಮೇಲೆ ಇರುವ ಟಿ ಕೋಶ. ಮೊದಲೇ ತಯಾರಾಗಿ ಬಂದದ್ದಾದರೆ ಪರ್ಫೊರಿನ್ ಮತ್ತು ಗ್ರಾಂಜೈಮ್ ಎಂಬ ಕೊಲ್ಲುವ ಪ್ರೋಟೀನುಗಳನ್ನು ಸುರಿದು ಆ ಕೋಶವನ್ನೇ ಮುಗಿಸುತ್ತದೆ. ಒಳಗಿದ್ದ ವೈರಸ್ ಕಾರ್ಖಾನೆಯೂ ಮುಗಿಯಿತು.

ಒಂದು ಕಡೆ ಎಲ್ಲರೂ ತಪ್ಪುತ್ತಾರೆ. ತಟ್ಟೆ ಹೊರಬರುವುದು ವೈರಸ್ ಬಂದಾಗ ಮಾತ್ರ ಎಂದುಕೊಳ್ಳುತ್ತಾರೆ. ಅಲ್ಲ. ಒಂದು ಕೋಶದ ಮೇಲೆ ಇಂಥ ತಟ್ಟೆಗಳು ಲಕ್ಷದ ಲೆಕ್ಕದಲ್ಲಿರುತ್ತವೆ, ಆರೋಗ್ಯವಾಗಿರುವಾಗ ಎಲ್ಲದರಲ್ಲೂ ನಮ್ಮದೇ ಪ್ರೋಟೀನಿನ ಚೂರು. ದಿನವೂ ಅಡುಗೆ ಮಾಡಿದ್ದನ್ನು ಅಂಗಳದಲ್ಲಿ ತಂದು ತೋರಿಸಿದ ಹಾಗೆ. ನಮ್ಮ ಚೂರುಗಳ ಮೇಲೆ ಜೋರಾಗಿ ಎರಗುವ ಟಿ ಕೋಶಗಳನ್ನು ಅವು ಬೆಳೆಯುವ ಥೈಮಸ್ ಗ್ರಂಥಿಯಲ್ಲೇ ಬಹಳ ಮಟ್ಟಿಗೆ ತೆಗೆದುಹಾಕಿರುತ್ತದೆ. ಹಾಗಾಗಿ ಸಾವಿರಾರು ನಮ್ಮವುಗಳ ನಡುವೆ ಬೇರೆಯದು ಕೆಲವೇ ಇದ್ದರೂ ಅದು ಎದ್ದು ಕಾಣುತ್ತದೆ.

ಮೊದಲೆಲ್ಲ ನಾನು ಇದನ್ನು ತಲಪಾಡಿ ಚೆಕ್‌ಪೋಸ್ಟಿಗೆ ಹೋಲಿಸಿ ಹೇಳುತ್ತಿದ್ದೆ. ಗಡಿಯವರಿಗೆ ಕಾರ್ಡು ತೋರಿಸಿ ದಾಟುವುದು ಹೊಸದಲ್ಲ, 2020ರಲ್ಲಂತೂ ಅದೇ ಬದುಕಾಗಿತ್ತು. ಆದರೆ ಪರೀಕ್ಷೆಯಲ್ಲಿ ನಾಲ್ಕು ಮಕ್ಕಳು "ವೈರಸ್ ಒಳಗೆ ಹೋಗುವಾಗ ಎಂಎಚ್‌ಸಿ ತಡೆಯುತ್ತದೆ" ಎಂದು ಬರೆದರು. ಆ ಹೋಲಿಕೆಯನ್ನು ಅಂದೇ ಬಿಟ್ಟೆ. ಎಂಎಚ್‌ಸಿ ಯಾರನ್ನೂ ತಡೆಯುವುದಿಲ್ಲ, ತೋರಿಸುತ್ತದೆ ಅಷ್ಟೇ. ನೀವೂ ಗೇಟು, ಕಾವಲುಗಾರ ಎಂಬ ಮಾತುಗಳನ್ನು ದೂರ ಇಡಿ.

ಎರಡನೇ ದಾರಿ: ನುಂಗಿದ್ದನ್ನು ತೋರಿಸುವುದು

ಒಂದನೇ ತಟ್ಟೆ ನ್ಯೂಕ್ಲಿಯಸ್ ಇರುವ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುತ್ತದೆ. ಎರಡನೆಯದು ಹಾಗಲ್ಲ. ಡೆಂಡ್ರೈಟಿಕ್ ಕೋಶ, ಮ್ಯಾಕ್ರೊಫೇಜ್, ಆಂಟಿಬಾಡಿ ಮಾಡುವ ಬಿ ಕೋಶ, ಮುಖ್ಯವಾಗಿ ಈ ಮೂರು ಬಗೆಯ ರಕ್ಷಣಾ ಕೋಶಗಳಲ್ಲಿ. ಇವು ಹೊರಗಿರುವ ವೈರಸ್ಸನ್ನು, ಸತ್ತ ಕೋಶದ ತುಣುಕನ್ನು ನುಂಗುತ್ತವೆ. ನುಂಗಿದ್ದು ಒಂದು ಚೀಲದಲ್ಲಿರುತ್ತದೆ, ಎಂಡೊಸೋಮ್. ಚೀಲ ಒಳಗೆ ಹೋದ ಹಾಗೆ ಹುಳಿಯಾಗುತ್ತಾ ಹೋಗುತ್ತದೆ, ಪಿಎಚ್ 5ರ ಆಸುಪಾಸಿಗೆ ಇಳಿಯುತ್ತದೆ. ಹುಳಿಯಲ್ಲಿ ಚುರುಕಾಗುವ ಕ್ಯಾಥೆಪ್ಸಿನ್ ಎಂಬ ಕಿಣ್ವಗಳು ಪ್ರೋಟೀನನ್ನು ಕಡಿಯುತ್ತವೆ.

ಈಗ ಒಂದು ತೊಡಕು ನೋಡಿ, ಮಕ್ಕಳಿಂದಲೇ ಹೇಳಿಸಿ. ಎರಡನೇ ತಟ್ಟೆ ತಯಾರಾಗುವುದೂ ಅದೇ ಒಳಕೋಣೆಯಲ್ಲಿ. ಅಲ್ಲಿ ಟ್ಯಾಪ್ ಬಾಗಿಲಿಂದ ಬಂದ ಚೂರುಗಳು ತುಂಬಿವೆ. ದಂಬೆ ತೆರೆದೇ ಇದೆ. ಅವು ಹೋಗಿ ಕೂತುಬಿಟ್ಟರೆ? ಒಳಗಿನ ಸುದ್ದಿ ಹೊರಗಿನ ಸುದ್ದಿ ಎರಡೂ ಕಲಸಿಹೋಗುತ್ತದೆ.

ಅದಕ್ಕೇ ಕಾಗದದ ಚೂರು. ದಂಬೆಯಲ್ಲಿ ಮೊದಲೇ ಉದ್ದಕ್ಕೆ ಮಡಚಿದ ಕಾಗದ ತುರುಕಿ. ಇದು ಇನ್‌ವೇರಿಯಂಟ್ ಚೈನ್. ಜಾಗ ಹಿಡಿದುಕೊಂಡು ಕೂರುತ್ತದೆ, ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ. ಅಷ್ಟೇ ಅಲ್ಲ, ತಟ್ಟೆಯನ್ನು ಹುಳಿ ಚೀಲದ ಕಡೆಗೆ ಕರೆದುಕೊಂಡು ಹೋಗುವುದೂ ಅದೇ. ಅಲ್ಲಿ ಕಿಣ್ವಗಳು ಅದನ್ನು ಕಡಿಯುತ್ತಾ ಬರುತ್ತವೆ, ತೋಡಿನಲ್ಲಿ ಒಂದು ಸಣ್ಣ ತುಂಡು ಮಾತ್ರ ಉಳಿಯುತ್ತದೆ. ಅದಕ್ಕೆ ಕ್ಲಿಪ್ ಎಂದು ಹೆಸರು. ಕಾಗದದ ಹೊರಗಿನ ಭಾಗ ಹರಿದು ತೆಗೆಯಿರಿ, ಒಳಗಿನದು ಇರಲಿ. ಆಮೇಲೆ ಎಚ್‌ಎಲ್‌ಎ-ಡಿಎಂ ಎಂಬ ಸಹಾಯಕ ಬಂದು ಆ ಕ್ಲಿಪ್ಪನ್ನು ಕಿತ್ತು, ವೈರಸ್‌ನ ಚೂರು ಕೂರಲು ಜಾಗ ಮಾಡಿಕೊಡುತ್ತದೆ. ಕಾಗದ ಎಳೆದು ತೆಗೆದು, ಹದಿನೈದು ಮಣಿಯ ಚೂರು ಇಡಿ. ತಟ್ಟೆ ಮೇಲ್ಮೈಗೆ. ನೋಡುವುದು ಸಿಡಿ4 ಟಿ ಕೋಶ, ಅದು ಮುಖ್ಯವಾಗಿ ಕೊಲ್ಲುವುದಲ್ಲ, ಸಹಾಯ ಮಾಡುವುದು: ಬಿ ಕೋಶಕ್ಕೆ, ಸಿಡಿ8ಕ್ಕೆ, ಮ್ಯಾಕ್ರೊಫೇಜಿಗೆ.

ಯಾವ ತಟ್ಟೆಗೆ ಯಾವ ಟಿ ಎಂಬುದು ಪರೀಕ್ಷೆಯ ಗಡಿಬಿಡಿಯಲ್ಲಿ ಅದಲುಬದಲಾಗುತ್ತದೆ. ಗುಣಿಸಿದರೆ ಎಂಟು ಬರಬೇಕು: ಒಂದು ಎಂಟಲಿ ಎಂಟು, ಎರಡು ನಾಲ್ಕಲಿ ಎಂಟು. ಅಷ್ಟು ಸಾಕು.

ಡೆಂಡ್ರೈಟಿಕ್ ಕೋಶದ ಪ್ರಯಾಣ

ಇಲ್ಲಿಯವರೆಗಿನದು ತಟ್ಟೆಯ ಕಥೆ. ಆದರೆ ಒಂದು ನಿರ್ದಿಷ್ಟ ಚೂರನ್ನು ಗುರುತಿಸುವ ಟಿ ಕೋಶ ಲಕ್ಷಕ್ಕೆ ಒಂದೋ, ಹತ್ತು ಲಕ್ಷಕ್ಕೆ ಒಂದೋ ಇರುತ್ತದೆ. ಕೈ ಬೆರಳಿನ ಚರ್ಮಕ್ಕೆ ವೈರಸ್ ಬಂದರೆ ಆ ಒಂದು ಕೋಶ ಅಲ್ಲಿಗೆ ಬರುವುದು ಹೇಗೆ? ಕಾಸರಗೋಡು ಜಿಲ್ಲೆಯಲ್ಲಿ ಎಲ್ಲೋ ಇರುವ ಒಬ್ಬನನ್ನು ಹುಡುಕಬೇಕಾದರೆ ಮನೆ ಮನೆಗೆ ಹೋಗುತ್ತೀರಾ? ಎಲ್ಲರೂ ಬಂದುಹೋಗುವ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದು ಲೇಸು. ಆ ಬಸ್ ಸ್ಟ್ಯಾಂಡೇ ದುಗ್ಧಗ್ರಂಥಿ. ಟಿ ಕೋಶಗಳು ರಕ್ತದಿಂದ ಅಲ್ಲಿಗೆ ಬಂದು, ಸುತ್ತಾಡಿ, ಮತ್ತೆ ಹೊರಡುತ್ತಿರುತ್ತವೆ.

ಚರ್ಮದಲ್ಲಿ, ಶ್ವಾಸಕೋಶದಲ್ಲಿ ಕೂತಿರುವ ಡೆಂಡ್ರೈಟಿಕ್ ಕೋಶ ಸುಮ್ಮನಿದ್ದಾಗ ಚೆನ್ನಾಗಿ ನುಂಗುತ್ತದೆ, ತೋರಿಸುವುದರಲ್ಲಿ ಅಷ್ಟಕ್ಕಷ್ಟೆ. ವೈರಸ್‌ನ ಆರ್‌ಎನ್‌ಎ ಮುಂತಾದ ಸುಳಿವು ಸಿಕ್ಕಿದಾಗ ಅದರ ಸ್ವಭಾವವೇ ಬದಲಾಗುತ್ತದೆ. ನುಂಗುವುದನ್ನು ಕಡಿಮೆ ಮಾಡುತ್ತದೆ, ತಟ್ಟೆಗಳನ್ನು ಮೇಲ್ಮೈಗೆ ತಂದು ಬಹಳ ಹೊತ್ತು ಇಟ್ಟುಕೊಳ್ಳುತ್ತದೆ, ಸಿಸಿಆರ್7 ಎಂಬ ದಾರಿ ತೋರುವ ಅಣು ಬೆಳೆಸಿಕೊಂಡು ದುಗ್ಧನಾಳದ ಮೂಲಕ ಹತ್ತಿರದ ಗ್ರಂಥಿಗೆ ಹೊರಡುತ್ತದೆ. ಲಸಿಕೆ ತೆಗೆದುಕೊಂಡ ಕೈಯ ಕಂಕುಳಲ್ಲಿ ಗಂಟು ಬಂದದ್ದು ಕೆಲವರಿಗೆ ನೆನಪಿರಬಹುದು. ಅಲ್ಲಿ ನಡೆಯುತ್ತಿದ್ದದ್ದು ಈ ಭೇಟಿ, ಮತ್ತು ಆ ನಂತರ ಒಂದು ಕೋಶ ಸಾವಿರಾರು ಆಗುವ ಕೆಲಸ.

ಭೇಟಿಯಲ್ಲಿ ತಟ್ಟೆ ತೋರಿಸಿದರೆ ಮಾತ್ರ ಸಾಲದು. ಬ್ಯಾಂಕಿನ ಲಾಕರಿಗೆ ನಿಮ್ಮ ಕೀಲಿ ಒಂದಿದ್ದರೆ ತೆರೆಯುತ್ತದೆಯೇ? ಬ್ಯಾಂಕಿನವರ ಕೀಲಿಯೂ ಬೇಕು. ಮೊದಲ ಕೀಲಿ ತಟ್ಟೆ ಮತ್ತು ಚೂರು. ಎರಡನೆಯದು ಡೆಂಡ್ರೈಟಿಕ್ ಕೋಶದ ಮೇಲಿನ ಸಿಡಿ80, ಸಿಡಿ86 ಎಂಬ ಅಣುಗಳು, ಅವನ್ನು ಟಿ ಕೋಶದ ಸಿಡಿ28 ಹಿಡಿಯಬೇಕು. ಈ ಎರಡನೇ ಕೀಲಿ ಅದು ಬೆಳೆಸುವುದು ಅಪಾಯದ ಸುಳಿವು ಸಿಕ್ಕಿದಾಗ. ಕೀಲಿ ಒಂದೇ ಇದ್ದರೆ ಹೊಸ ಟಿ ಕೋಶ ಏಳುವುದಿಲ್ಲ, ಮಂಕಾಗಿಬಿಡುತ್ತದೆ. ನಮ್ಮದೇ ಮೈಯ ಮೇಲೆ ಅದು ಎರಗದೆ ಇರಲು ಇದೂ ಒಂದು ಕಾರಣ.

ಈ ಕೋಶವನ್ನು 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ ವಿವರಿಸಿದರು. ಬಹಳ ವರ್ಷ ಹೆಚ್ಚಿನವರು ಇದಕ್ಕೆ ಬೆಲೆ ಕೊಡಲಿಲ್ಲ. ಸ್ಟೈನ್‌ಮನ್ ಅವರಿಗೆ ನೊಬೆಲ್ ಘೋಷಣೆಯಾದದ್ದು 2011ರ ಅಕ್ಟೋಬರ್ 3ರಂದು. ಅವರು ಮೂರು ದಿನ ಮೊದಲೇ ತೀರಿಕೊಂಡಿದ್ದರು. ಸಮಿತಿಗೆ ಗೊತ್ತಿರಲಿಲ್ಲ. ಬಹುಮಾನ ಹಿಂದೆ ಪಡೆಯಲಿಲ್ಲ. ಈ ಮಾತು ಹೇಳುವಾಗ ಪ್ರತಿ ಸಲ ಜಗಲಿ ಒಮ್ಮೆ ಸುಮ್ಮನಾಗುತ್ತದೆ.

ಡೆಂಗಿ ವಿಷಯ ಇಲ್ಲಿ ಸೇರಿಸಿ. ಸೊಳ್ಳೆ ಕಚ್ಚಿದ ಜಾಗದಲ್ಲಿ ಚರ್ಮದಲ್ಲಿರುವ ಡೆಂಡ್ರೈಟಿಕ್ ಕೋಶಗಳಿಗೇ ಡೆಂಗಿ ವೈರಸ್ ಹೊಕ್ಕುತ್ತದೆ. ಸುದ್ದಿ ಒಯ್ಯಬೇಕಾದವನನ್ನೇ ಹಿಡಿದುಕೊಂಡ ಹಾಗೆ. ಆಗ ಆ ಕೋಶ ಒಳಗೆ ತಯಾರಾದ ವೈರಸ್ ಪ್ರೋಟೀನನ್ನು ಮೊದಲ ದಾರಿಯಲ್ಲೇ ತೋರಿಸಬಲ್ಲದು.

ಆದರೆ ಎಲ್ಲ ವೈರಸ್‌ಗಳೂ ಡೆಂಡ್ರೈಟಿಕ್ ಕೋಶಕ್ಕೆ ಹೊಕ್ಕುವುದಿಲ್ಲವಲ್ಲ? ಶ್ವಾಸನಾಳದ ಕೋಶಕ್ಕೆ ಮಾತ್ರ ಹೊಕ್ಕಿದರೆ, ಅದರಲ್ಲಿ ಎರಡನೇ ಕೀಲಿ ಇಲ್ಲ, ಹೊಸ ಸಿಡಿ8 ಕೋಶವನ್ನು ಎಬ್ಬಿಸುವುದು ಯಾರು? ಇದಕ್ಕೆ ಅಡ್ಡದಾರಿ ಒಂದಿದೆ. ಕೆಲವು ಡೆಂಡ್ರೈಟಿಕ್ ಕೋಶಗಳು ಹೊರಗಿನಿಂದ ನುಂಗಿದ್ದನ್ನೂ ದೋಣಿಯಲ್ಲಿ, ಅಂದರೆ ಒಂದನೇ ತಟ್ಟೆಯಲ್ಲಿ ಇಟ್ಟು ತೋರಿಸಬಲ್ಲವು. 1976ರಲ್ಲಿ ಮೈಕೆಲ್ ಬೆವನ್ ಇದನ್ನು ಇಲಿಗಳಲ್ಲಿ ಕಂಡರು. ಇಂಗ್ಲಿಷ್ ಪುಸ್ತಕದಲ್ಲಿ ಕ್ರಾಸ್ ಪ್ರೆಸೆಂಟೇಶನ್ ಎಂದಿರುತ್ತದೆ. ಮಕ್ಕಳು ಎರಡು ದಾರಿ ಗಟ್ಟಿ ಮಾಡಿಕೊಂಡ ಮೇಲೆ ಮಾತ್ರ ಇದನ್ನು ಹೇಳಿ, ಮೊದಲೇ ಹೇಳಿದರೆ ಎಲ್ಲ ಕಲಸಿಹೋಗುತ್ತದೆ.

ವೈರಸ್ ತಪ್ಪಿಸಿಕೊಳ್ಳಲು ಮಾಡುವುದೇನು

ಮಾದರಿಯ ಯಾವ ಜಾಗ ಕೆಡಿಸಿದರೆ ಸುದ್ದಿ ಹೊರಗೆ ಬರುವುದಿಲ್ಲ ಎಂದು ಮಕ್ಕಳನ್ನೇ ಕೇಳಿ. ಅವರು ತೋರಿಸುವ ಹೆಚ್ಚುಕಡಿಮೆ ಪ್ರತಿಯೊಂದು ಜಾಗವನ್ನೂ ಯಾವುದೋ ಒಂದು ವೈರಸ್ ಕೆಡಿಸುತ್ತದೆ. ತುಟಿಯಂಚಿನಲ್ಲಿ ಗುಳ್ಳೆ ಬರಿಸುವ ಹರ್ಪಿಸ್ ವೈರಸ್‌ನ ಐಸಿಪಿ47 ಎಂಬ ಪ್ರೋಟೀನ್ ಟ್ಯಾಪ್ ಬಾಗಿಲಿಗೇ ಸಿಕ್ಕಿಕೊಂಡು ಚೂರು ಒಳಗೆ ಬಾರದ ಹಾಗೆ ಮಾಡುತ್ತದೆ. ಸೈಟೊಮೆಗಲೊ ವೈರಸ್ ತಟ್ಟೆಯನ್ನು ಒಳಕೋಣೆಯಿಂದ ಹಿಂದಕ್ಕೆಳೆದು ಪ್ರೋಟಿಯಾಸೋಮಿಗೇ ಹಾಕಿಸುತ್ತದೆ. ಅಡಿನೊ ವೈರಸ್ ತಟ್ಟೆಯನ್ನು ಚೌಕಿಯಲ್ಲೇ ಕಟ್ಟಿಹಾಕುತ್ತದೆ. ಎಚ್‌ಐವಿಯ ನೆಫ್ ಎಂಬ ಪ್ರೋಟೀನ್ ಎ ಮತ್ತು ಬಿ ಬಗೆಯ ತಟ್ಟೆಗಳನ್ನು ಮೇಲ್ಮೈಯಿಂದ ಇಳಿಸುತ್ತದೆ.

ತಟ್ಟೆಯೇ ಇಲ್ಲದಿದ್ದರೆ ವೈರಸ್ ಗೆದ್ದ ಹಾಗೆ ಅಲ್ವಾ? ಪೂರ್ತಿ ಅಲ್ಲ. ಎನ್‌ಕೆ, ಅಂದರೆ ನ್ಯಾಚುರಲ್ ಕಿಲ್ಲರ್ ಕೋಶಗಳು ಇರುವುದು ಇದಕ್ಕೇ. ಎಲ್ಲ ಮನೆ ಅಂಗಳದಲ್ಲೂ ದೀಪ ಇದ್ದು ಒಂದರಲ್ಲಿ ಮಾತ್ರ ಇಲ್ಲದಿದ್ದರೆ ಸಂಶಯ ಬರುವುದಿಲ್ಲವೇ, ಹಾಗೆ ತಟ್ಟೆ ಕಡಿಮೆಯಾದ ಕೋಶದ ಮೇಲೆ ಅವು ಬೀಳುತ್ತವೆ.

ನಿಮ್ಮ ತಟ್ಟೆ ನನ್ನ ತಟ್ಟೆ ಒಂದೇ ಅಲ್ಲ

ಈ ಭಾಗಕ್ಕೆ ಸಮಯ ಕೊಡಿ. ಮನುಷ್ಯರಲ್ಲಿ ಎಂಎಚ್‌ಸಿಗೆ ಎಚ್‌ಎಲ್‌ಎ ಎಂದು ಹೆಸರು, ಮುಖ್ಯ ಜೀನುಗಳು ಆರನೇ ಕ್ರೋಮೋಸೋಮಿನಲ್ಲಿವೆ. ಒಂದನೇ ವರ್ಗದಲ್ಲಿ ಎ, ಬಿ, ಸಿ ಎಂಬ ಮೂರು, ಅಮ್ಮನಿಂದ ಒಂದು ಸೆಟ್ ಅಪ್ಪನಿಂದ ಒಂದು ಸೆಟ್, ಹೀಗೆ ಆರು ಬಗೆಯವರೆಗೆ ಇರಬಹುದು. ಈ ಜೀನುಗಳಿಗೆ ಸಾವಿರಾರು ರೂಪಗಳಿವೆ. ಗುಳಿಗಳ ಜಾಗ, ಆಕಾರ ಒಬ್ಬರಿಂದ ಒಬ್ಬರಿಗೆ ಬೇರೆ. ಒಂದೇ ವೈರಸ್, ನಿಮ್ಮ ಕೋಶ ಒಂದು ಚೂರು ತೋರಿಸಿದರೆ ನನ್ನದು ಇನ್ನೊಂದು ತೋರಿಸುತ್ತದೆ. ಒಂದು ಊರಿನ ಎಲ್ಲರ ಕಣ್ಣು ತಪ್ಪಿಸುವ ಹಾಗೆ ವೈರಸ್ ಬದಲಾಗುವುದು ಅಷ್ಟು ಸುಲಭವಲ್ಲ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೂಳೆಮಜ್ಜೆ ಕಸಿಗೆ ಅಣ್ಣ ತಂಗಿಯರ ರಕ್ತವನ್ನು ಮೊದಲು ನೋಡುವುದು ಅದಕ್ಕೇ.

ಟಿ ಕೋಶ ತಟ್ಟೆಯನ್ನೂ ನೋಡುತ್ತದೆ ಎಂಬುದು ಗೊತ್ತಾದದ್ದು 1974ರಲ್ಲಿ, ಕ್ಯಾನ್‌ಬೆರಾದಲ್ಲಿ. ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಝಿಂಕರ್‌ನಾಗಲ್ ಒಂದು ತಳಿಯ ಇಲಿಗೆ ವೈರಸ್ ಕೊಟ್ಟು ಅದರ ಟಿ ಕೋಶಗಳನ್ನು ತೆಗೆದರು. ಅದೇ ತಳಿಯ ಸೋಂಕು ತಗುಲಿದ ಕೋಶಗಳನ್ನು ಅವು ಕೊಂದವು. ಬೇರೆ ಎಂಎಚ್‌ಸಿ ಇರುವ ತಳಿಯ ಕೋಶಗಳನ್ನು, ಅದೇ ವೈರಸ್ ಇದ್ದರೂ, ಮುಟ್ಟಲಿಲ್ಲ. 1996ರಲ್ಲಿ ನೊಬೆಲ್. ಈ ಪ್ರಯೋಗವನ್ನು ಮಕ್ಕಳಿಗೆ ಉತ್ತರ ಹೇಳದೆ ಕೊಡಿ. ಎರಡು ಬಗೆಯ ಹಾಳೆ ಇಟ್ಟು "ಚೂರು ಒಂದೇ, ಆದರೂ ಕೊಲ್ಲಲಿಲ್ಲ, ಯಾಕೆ?" ಎಂದು ಕೇಳಿ. ತಾವೇ ಕಂಡುಕೊಂಡರೆ ಜನ್ಮದಲ್ಲಿ ಮರೆಯುವುದಿಲ್ಲ.

ಕಲಿತದ್ದು ಗಟ್ಟಿಯಾಯಿತೇ ಎಂದು ನೋಡುವುದು

"ವಿವರಿಸಿರಿ" ಎಂಬ ಪ್ರಶ್ನೆ ಕೇಳಬೇಡಿ. ನಮ್ಮವರೆಲ್ಲ ಹಾಕಿಸಿಕೊಂಡ ಲಸಿಕೆಯನ್ನು ಕೇಳಿ. ಕೋವಿಶೀಲ್ಡ್ ಒಂದು ಅಡಿನೊ ವೈರಸ್ ಬೆನ್ನೇರಿ ಸ್ಪೈಕ್‌ನ ಜೀನನ್ನು ನಮ್ಮ ಕೋಶದೊಳಗೆ ತರುತ್ತದೆ, ಪ್ರೋಟೀನ್ ಒಳಗೇ ತಯಾರಾಗುತ್ತದೆ. ಕೋವ್ಯಾಕ್ಸಿನ್ ನಿಷ್ಕ್ರಿಯ ಮಾಡಿದ ಇಡೀ ವೈರಸ್, ಅದನ್ನು ಕೋಶಗಳು ನುಂಗಬೇಕು. ಯಾವುದು ಯಾವ ಹಾಳೆಗೆ ಹೋಗುತ್ತದೆ? ದೋಣಿ, ದಂಬೆ ಎಂದು ಬೆರಳು ತೋರಿಸಿದರೆ ಸಾಕು. ಮೊದಲನೆಯದು ಎರಡೂ ತಟ್ಟೆಯಲ್ಲಿ ಕಾಣಿಸಿಕೊಳ್ಳಬಹುದು, ಎರಡನೆಯದು ಮುಖ್ಯವಾಗಿ ದಂಬೆಯಲ್ಲಿ, ಅಡ್ಡದಾರಿಯಿಂದ ಸ್ವಲ್ಪ ದೋಣಿಯಲ್ಲಿ ಎಂದು ಯಾರಾದರೂ ಹೇಳಿದರೆ ಆ ಮಗುವಿಗೆ ಪಾಠ ಪೂರ್ತಿ ಇಳಿದಿದೆ.

ನಾನು ಕೊನೆಗೆ ಕೇಳುವ ಪ್ರಶ್ನೆ ವೈರಸ್‌ನದ್ದಲ್ಲ, ಮಲೇರಿಯಾದ್ದು. ಅದರ ಪರಾವಲಂಬಿ ಕೆಂಪು ರಕ್ತಕಣದೊಳಗೆ ಕೂತು ಬೆಳೆಯುತ್ತದೆ, ಟಿ ಕೋಶ ಅದನ್ನು ಅಲ್ಲಿ ಹಿಡಿಯುತ್ತದೆಯೇ ಎಂದು. ಆ ದಿನ ಪ್ರಶ್ನೆ ಎತ್ತಿದ್ದ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ಒಂದು ಗೆರಟೆಯನ್ನು ಕವುಚಿ ಇಟ್ಟಳು. ಅದರ ಮೇಲೆ ಹಾಳೆ ಇಡಲಿಲ್ಲ. "ಇದು ಕೆಂಪು ರಕ್ತಕಣ ಟೀಚರೇ. ನ್ಯೂಕ್ಲಿಯಸ್ ಇಲ್ಲ, ತಟ್ಟೆ ಮಾಡುವವರು ಯಾರು?" ಆಮೇಲೆ ಇನ್ನೊಂದು ಗೆರಟೆ ತಂದು ಅದರ ಮೇಲೆ ದೋಣಿ ಇಟ್ಟಳು. "ಆದ್ರೆ ರಕ್ತಕ್ಕೆ ಬರುವ ಮೊದಲು ಅದು ಲಿವರಿಗೆ ಹೋಗ್ತದಲ್ಲ. ಅಲ್ಲಿ ತಟ್ಟೆ ಉಂಟು."